ಶೇವಂತಿ ತುಟಿಯಾಡಿಸಿದರೆ ಗೌಡ ಗುಡುಗುತ್ತಾನೆ

ಭಾನುವಾರ ಬೆಳಗಿನ ಐದಕ್ಕೆ ಇನ್ನು ಹತ್ತೇ ನಿಮಿಷ. ಬನಹಟ್ಟಿಯ ನೂಲಿನ ಗೋಡಾನಿನಲ್ಲಿ ಶನಿವಾರ ರಾತ್ರಿ ಹತ್ತೂವರೆಗೆ ಶುರುವಾದ ನಾಟಕ ಕೊನೆಯ ದೃಶ್ಯಕ್ಕೆ ಬಂದು ನಿಂತಿದೆ. ಹಿಂದಿನ ಸಾಲುಗಳಲ್ಲಿ ಹಿಪ್ಪರಗಿಯಿಂದ ಟ್ರ್ಯಾಕ್ಟರ್ ಏರಿ ಬಂದವರು ಟವೆಲ್ ಹೊದ್ದು ಕೂತಿದ್ದಾರೆ, ಒಬ್ಬರೂ ಎದ್ದು ಹೋಗಿಲ್ಲ. ಪ್ರೇಕ್ಷಕರ ಬಲಗೈ ಕಡೆಯ ಪರದೆಯ ಮರೆಯಲ್ಲಿ, ನೂಲಿನ ಹಳೇ ಕಟ್ಟಿಗೆ ಪೆಟ್ಟಿಗೆಯ ಮೇಲೆ, ತಲೆಯ ಮೇಲೊಂದು ಸಣ್ಣ ಬಲ್ಬು ಹಚ್ಚಿಕೊಂಡು ಐವತ್ತೆರಡರ ಶೇವಂತಿ ಕೂತಿದ್ದಾರೆ. ತೊಡೆಯ ಮೇಲೆ ನೋಟ್‌ಬುಕ್ಕು. ಆರು ತಾಸಿನಿಂದ ಅವರ ತುಟಿಗಳು ಆಡುತ್ತಲೇ ಇವೆ. ಸದ್ದು ಮಾತ್ರ ಒಂದು ಚೂರೂ ಹೊರಬಿದ್ದಿಲ್ಲ.

ರಂಗದ ನಡುವೆ ಗೌಡನ ವೇಷದಲ್ಲಿ ಗಿರಿಮಲ್ಲಪ್ಪ. ವಯಸ್ಸು ಅರವತ್ತಮೂರು, ಮೀಸೆ ಅಂಟಿಸಿದ್ದು, ದನಿ ಸ್ವಂತದ್ದು. ಶೇವಂತಿಯ ತುಟಿ ಅಲುಗಿದ ಅರೆಕ್ಷಣಕ್ಕೆ ಅದೇ ಮಾತು ಗೌಡನ ಬಾಯಿಂದ ಗುಡುಗಿನಂತೆ ಬರುತ್ತದೆ, ಹಿಂದಿನ ಸಾಲಿನಿಂದ ಸಿಳ್ಳೆ ಬೀಳುತ್ತದೆ. ನಟರಿಗೆ ಮರೆಯಿಂದ ಮಾತು ಎತ್ತಿಕೊಡುವ ಪ್ರಾಂಪ್ಟರ್ ಶೇವಂತಿ. ಪೋಸ್ಟರಿನಲ್ಲಿ ಪರದೆ ಕಟ್ಟಿದವರ ಹೆಸರಿದೆ, ಚಹಾದ ಅಂಗಡಿಯ ಹೆಸರೂ ಇದೆ. ಇವರದ್ದಿಲ್ಲ.

ಇವತ್ತಿನ ಆಟ ಎಂದಿನಂತಲ್ಲ. ಗೋಡಾನಿನ ಮಾಲೀಕ ಮಲ್ಲಿನಾಥ ಗುರುವಾರವೇ ಹೇಳಿಬಿಟ್ಟಿದ್ದಾರೆ: ಗಿರಿಮಲ್ಲಪ್ಪ ಇತ್ತೀಚೆಗೆ ಮಾತಿಗೆ ತಡವರಿಸುತ್ತಾರೆ, ಈ ಶನಿವಾರವೂ ತಪ್ಪಿದರೆ ಮುಂದಿನ ತಿಂಗಳಿಂದ ಗೌಡನ ಪಾತ್ರ ಜಮಖಂಡಿಯ ರಾಹುಲನಿಗೆ. ರೀಲ್ಸ್ ಮಾಡಿ ಹೆಸರು ಮಾಡಿರುವ ಆ ಹುಡುಗ ಎರಡನೇ ಸಾಲಿನಲ್ಲೇ ಕೂತು ನಾಟಕ ನೋಡುತ್ತಿದ್ದಾನೆ. ಗಿರಿಮಲ್ಲಪ್ಪ ತಡವರಿಸುವುದು ಮರೆವಿನಿಂದಲ್ಲ. ಅವರಿಗೆ ಕಿವಿ ಕೇಳುವುದಿಲ್ಲ. ಮೂರು ವರ್ಷದಿಂದ ಈ ಗುಟ್ಟು ಗೊತ್ತಿರುವುದು ತನಗೊಬ್ಬಳಿಗೇ ಎಂದು ಶೇವಂತಿ ನಂಬಿದ್ದಾರೆ.

ಗೌಡ ಕೊನೆಯ ಮಾತಿಗೆಂದು ಒಂದು ಹೆಜ್ಜೆ ಮುಂದಿಡುತ್ತಾನೆ. ಅಷ್ಟರಲ್ಲಿ ಕರೆಂಟು ಹೋಗುತ್ತದೆ. ಆ ಕತ್ತಲೆಗೆ ಶೇವಂತಿ ಹೆದರಿದ್ದು ಯಾಕೆ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಶೇವಂತಿ ರಬಕವಿಯ ಮಗಳು, ಬನಹಟ್ಟಿಯ ಸೊಸೆ. ತವರಿನಲ್ಲಿ ಕೈಮಗ್ಗವಿತ್ತು. ಗಂಡನ ಮನೆಗೆ ಬಂದ ಮೇಲೆ, ಹತ್ತೊಂಬತ್ತನೇ ವಯಸ್ಸಿಗೆ, ಪವರ್‌ಲೂಮ್ ಶೆಡ್ಡಿಗೆ ಕಾಲಿಟ್ಟರು. ಇಪ್ಪತ್ತನಾಲ್ಕು ಮಗ್ಗ ಒಟ್ಟಿಗೆ ಬಡಿಯುವ ತಗಡಿನ ಶೆಡ್ಡಿನಲ್ಲಿ ಪಕ್ಕದವರು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ. ಅದಕ್ಕೇ ಅಲ್ಲಿಯವರು ಕೂಗುವುದನ್ನೇ ಬಿಟ್ಟಿದ್ದಾರೆ. ತುಟಿ ಆಡಿಸುತ್ತಾರೆ, ಎದುರಿನವರು ಓದುತ್ತಾರೆ. ಮನೆಯ ಸುದ್ದಿ, ಮದುವೆಯ ಮಾತು, ಮೇಸ್ತ್ರಿಯ ಚಾಡಿ, ಎಲ್ಲ ನಡೆಯುವುದು ಹೀಗೆಯೇ. ಎಳೆ ಹರಿದರೆ ಹೆಬ್ಬೆರಳು ತೋರುಬೆರಳು ಸೇರಿಸಿ ತಿಕ್ಕಿ ತೋರಿಸುತ್ತಾರೆ, 'ಗಂಟು ಹಾಕು' ಎಂದರ್ಥ.

"ಹೊಸದಾಗಿ ಹೋದಾಗ ಎಂಟು ದಿನ ಅತ್ತೇನ್ರಿ. ಎಲ್ಲಾರೂ ಬರೀ ಬಾಯಿ ಆಡಸ್ತಾರ, ನನಗೊಬ್ಬಾಕಿಗೆ ತಿಳೀವಲ್ದು, ನನ್ನ ಬಗ್ಗೆನ ಮಾತಾಡಾಕತ್ತಾರೇನೋ ಅಂತ" ಎಂದು ಶೇವಂತಿ ನಗುತ್ತಾರೆ. "ತಿಂಗಳ ಒಪ್ಪತ್ತಿನ್ಯಾಗ ತಿಳೀತು. ಖರೇನ ನನ್ನ ಬಗ್ಗೆನ ಮಾತಾಡ್ತಿದ್ರು!"

ಗಂಡ ವೀರಣ್ಣನವರೂ ಮಗ್ಗದವರೇ, ರಾತ್ರಿ ಪಾಳಿ. ಅವರು ಕಡಿಮೆ ಮಾತಿನ ಮನುಷ್ಯ. ಹೆಂಡತಿಯ ಬಗ್ಗೆ ಕೇಳಿದರೆ ಹೇಳಿದ್ದು ಇಷ್ಟೇ: "ನಾವು ಜಗಳಾನೂ ಸದ್ದಿಲ್ದ ಮಾಡತೇವ್ರಿ. ಓಣ್ಯಾಗ ನಮ್ಮದ ಅಗದಿ ಶಾಂತ ಸಂಸಾರ ಅಂತಾರ."

ದೊಡ್ಡ ಊರಿನವರು ನೈಟ್‌ಲೈಫ್ ಅನ್ನುತ್ತಾರಲ್ಲ, ಈ ಸೀಮೆಯಲ್ಲಿ ಅದಕ್ಕಿರುವ ವಿಳಾಸ ನೂಲಿನ ಗೋಡಾನು. ಒಂದು ಕಾಲಕ್ಕೆ ನೂಲಿನ ಗಂಟು ಪೇರಿಸುತ್ತಿದ್ದ ಕಟ್ಟಡ. ಈಗ ರಂಗ, ಪರದೆ, ನಾಲ್ಕುನೂರಾ ಹತ್ತು ಕುರ್ಚಿ. ಶುಕ್ರವಾರ ಮುಧೋಳದ ಆರ್ಕೆಸ್ಟ್ರಾ, ಶನಿವಾರ ಬೆಳಗಿನವರೆಗೆ ನಾಟಕ, ನಡುನಡುವೆ ಪಾರಿಜಾತದ ಬಯಲಾಟ, ನಗೆ ಕಾರ್ಯಕ್ರಮ, ಲಗ್ನದ ದಿನಗಳಲ್ಲಿ ಊಟದ ಪಂಗತಿ. ಬಾಡಗಂಡಿಯಿಂದ ಸಕ್ಕರೆ ಕಾರ್ಖಾನೆಯವರು ಗಾಡಿ ಮಾಡಿಕೊಂಡು ಬರುತ್ತಾರೆ, ಗಲಗಲಿಯಿಂದ ಕಬ್ಬು ಕಳಿಸಿದವರು ಬೈಕಿನಲ್ಲಿ ಬರುತ್ತಾರೆ. ಎಡಗಡೆಯ ಸಾಲುಗಳು ಮಾತ್ರ ಬನಹಟ್ಟಿ, ರಬಕವಿಯ ಮಗ್ಗದವರಿಗೇ. ಟಿಕೆಟ್ ಕೊಡಲು ಶುರುಮಾಡಿದ ತಾಸಿನೊಳಗೆ ಅಲ್ಲಿಯ ಎಂಬತ್ತೂ ಕುರ್ಚಿ ಅವರ ಪಾಲಾಗುತ್ತವೆ. ಯಾಕೆಂದು ಮಲ್ಲಿನಾಥರನ್ನು ಕೇಳಿದರೆ, "ಆ ಕಡೆ ಫ್ಯಾನಿನ ಗಾಳಿ ಛಲೋ ಬರತೈತ್ರಿ" ಎನ್ನುತ್ತಿದ್ದರು.

ಶೇವಂತಿ ಇಲ್ಲಿಗೆ ಬಂದದ್ದು ಪ್ರಾಂಪ್ಟರ್ ಆಗಿ ಅಲ್ಲ, ವೇಷದ ಬಟ್ಟೆ ಹೊಲಿಯುವುದಕ್ಕೆ. ಆಗ ಪ್ರಾಂಪ್ಟರ್ ಆಗಿದ್ದವರು ಚನಮಲ್ಲಪ್ಪ ಮಾಸ್ತರರು, ಪಿಸುಮಾತಿನ ಪಂಡಿತರು. ಅವರ ಪಿಸುಮಾತು ರಂಗದ ತುದಿಗೂ ಮುಟ್ಟುತ್ತಿತ್ತು, ಪ್ರೇಕ್ಷಕರಿಗೆ ಮಾತ್ರ ಕೇಳುತ್ತಿರಲಿಲ್ಲ. ನಾಲ್ಕು ವರ್ಷದ ಹಿಂದೆ ಮಲ್ಲಿನಾಥ ಕಾಲರ್ ಮೈಕು ತರಿಸಿದರು ನೋಡಿ, ಪೀಕಲಾಟ ಅಲ್ಲಿಂದ ಶುರು. ನಟನ ಎದೆಗೆ ಸಿಕ್ಕಿಸಿದ ಮೈಕು ಮಾಸ್ತರರ ಪಿಸುಮಾತನ್ನೂ ಎಳೆದುಕೊಂಡಿತು. ಯಾವ ಮಾತಾದರೂ ಮೊದಲು ಸ್ಪೀಕರಿನಲ್ಲಿ ಮಾಸ್ತರರದ್ದು, ಆಮೇಲೆ ನಟನದ್ದು. ಮೂರನೇ ದೃಶ್ಯದ ಹೊತ್ತಿಗೆ ಜನ ಮಾಸ್ತರರ ಜೊತೆಗೇ ಮಾತು ಹೇಳತೊಡಗಿದರು. ಮಾಸ್ತರರು ನೊಂದುಕೊಂಡು ಎದ್ದುಹೋದರು.

ಅವತ್ತು ಪಾತ್ರದಲ್ಲಿದ್ದವರು ಇದೇ ಗಿರಿಮಲ್ಲಪ್ಪ. ಮಾತು ಸಿಗದೆ ಕಂಗಾಲಾಗಿ ಪಕ್ಕಕ್ಕೆ ನೋಡಿದರು. ಅಲ್ಲಿ ಸೂಜಿ ದಾರ ಹಿಡಿದು ಶೇವಂತಿ ನಿಂತಿದ್ದರು. ತಾಲೀಮು ಕೇಳಿ ಕೇಳಿ ನಾಟಕ ಅವರಿಗೆ ಬಾಯಿಪಾಠ. ಶೆಡ್ಡಿನ ರೂಢಿ, ಕೈ ಬಿಡುವಿಲ್ಲದಿದ್ದಾಗ ಬಾಯಿ ತಾನಾಗಿ ಆಡುತ್ತದೆ. ಮೂವತ್ತು ವರ್ಷ ಮಗ್ಗ ನೋಡಿಕೊಂಡಿದ್ದ ಗಿರಿಮಲ್ಲಪ್ಪನವರಿಗೆ ಅಷ್ಟು ಸಾಕಾಯಿತು. ಮಾತು ಸರಾಗ ಹರಿಯಿತು, ಮೈಕಿಗೆ ಏನೂ ಸಿಗಲಿಲ್ಲ. ಮಾರನೇ ವಾರದಿಂದ ಕಟ್ಟಿಗೆ ಪೆಟ್ಟಿಗೆ ಶೇವಂತಿಯದ್ದಾಯಿತು. ಚನಮಲ್ಲಪ್ಪ ಮಾಸ್ತರರು ಬೇಸರ ಇಟ್ಟುಕೊಳ್ಳಲಿಲ್ಲ. ನಾಟಕ ಬರೆದಿಟ್ಟುಕೊಳ್ಳುವ ಬಗೆಯನ್ನು ಅವರೇ ಕೂರಿಸಿಕೊಂಡು ಕಲಿಸಿದರು.

ಆ ಬಗೆಗೂ ಈಗ ಶೇವಂತಿಯ ಕೈಯಲ್ಲಿ ಮಗ್ಗದ ರೂಢಿ ಸೇರಿಕೊಂಡಿದೆ. ಈ ಶನಿವಾರದ 'ಗೌಡರ ಗಡಿಯಾರ' ನಾಟಕ ಅವರ ಅಕ್ಷರದಲ್ಲಿ ತೊಂಬತ್ತಾರು ಪುಟ. ಒಟ್ಟು ಸಾವಿರದ ನೂರಾ ನಲವತ್ತು ಮಾತು, ಅದರಲ್ಲಿ ಗೌಡನವೇ ಮುನ್ನೂರ ಹನ್ನೆರಡು. ನಟ ಉಸಿರು ತೆಗೆದುಕೊಳ್ಳುವ ಕಡೆ ಹಸಿರು ಚುಕ್ಕಿ, ಯಾವಾಗಲೂ ಮರೆಯುವ ಕಡೆ ಕೆಂಪು ಚುಕ್ಕಿ. ನಟ ಒಂದು ಸಾಲು ಹಾರಿಸಿದರೆ ಅದೇ ಎರಡು ಬೆರಳಿನ ಗಂಟು ತೋರಿಸುತ್ತಾರೆ, ಅವನು ಹಿಂದಕ್ಕೆ ಹೋಗಿ ಮಾತು ಜೋಡಿಸಿಕೊಂಡು ಬರುತ್ತಾನೆ. ಆರು ದಿನ ಬೆಳಗಿನ ಎಂಟಕ್ಕೆ ಶುರುವಾಗಿ ನಾಲ್ಕು ಮಗ್ಗಗಳ ಕೆಲಸ, ಮೂರು ಸಂಜೆ ತಾಲೀಮು, ಶನಿವಾರ ರಾತ್ರಿ ಪೂರ್ತಿ ಪೆಟ್ಟಿಗೆ. ಭಾನುವಾರ ಮಧ್ಯಾಹ್ನದವರೆಗೆ ನಿದ್ದೆ. ಅದೊಂದೇ ಅವರ ಐಷಾರಾಮ.

ಪೆಟ್ಟಿಗೆಯ ಮೇಲೆ ಕೂತಾಗ ಅವರದ್ದೊಂದು ಕಟ್ಟುನಿಟ್ಟು. ನಾಟಕದ್ದಲ್ಲದ ಮಾತಾಡಬೇಕಾದರೆ ಸೆರಗು ಬಾಯಿಗೆ ಹೋಗಲೇಬೇಕು. ಕೆಮ್ಮಿದರೂ, ಆಕಳಿಸಿದರೂ ಸೆರಗು. ಇದಕ್ಕೆ ಕಾರಣ ಒಂದು ಪೌರಾಣಿಕ ನಾಟಕ. ಗಿರಿಮಲ್ಲಪ್ಪ ಅಂದು ಮಹಾರಾಜ. ಖಡ್ಗದ ಮೇಲೆ ಕೈಯಿಟ್ಟು ಮಂತ್ರಿಗೆ ಅಪ್ಪಣೆ ಕೊಡುವ ಹೊತ್ತು. ಪರದೆಯ ಹಿಂದೆ ಚಹಾ ಕಾಯಿಸುತ್ತಿದ್ದ ಯಲ್ಲಾಲಿಂಗ ಒಲೆ ಮರೆತು ನಾಟಕ ನೋಡುತ್ತ ನಿಂತುಬಿಟ್ಟಿದ್ದ. ಶೇವಂತಿ ಅವನ ಕಡೆ ಅರ್ಧ ತಿರುಗಿ, ಸದ್ದು ಮಾಡಬಾರದಲ್ಲ, ತುಟಿಯಲ್ಲೇ ಎಚ್ಚರಿಸಿದರು: "ಹಾಲು ಉಕ್ಕಾಕತ್ತೈತಿ, ಒಲಿ ಸಣ್ಣ ಮಾಡೋ."

ಮಹಾರಾಜರು ಅದನ್ನು ಓದಿಯೇಬಿಟ್ಟರು. ಓದಿ ಸುಮ್ಮನಿದ್ದರೇ? ಅರಮನೆಯ ಕನ್ನಡಕ್ಕೆ ತಿರುಗಿಸಿ ಗರ್ಜಿಸಿದರು: "ಮಂತ್ರಿಗಳೇ! ಹಾಲು ಉಕ್ಕುತ್ತಿದೆ! ಒಲೆಯನ್ನು ಸಣ್ಣದು ಮಾಡತಕ್ಕದ್ದು!"

ಮಂತ್ರಿ ಪಾತ್ರದವನು ಚಾಲಾಕಿ. "ಅಪ್ಪಣೆ, ಪ್ರಭು" ಎಂದು ಕೈಮುಗಿದು ನೇರ ಒಲೆಯ ಕಡೆಗೇ ನಡೆದ. ಗೋಡಾನಿನ ತಗಡು ಹಾರಿಹೋಗುವಂತೆ ಜನ ನಕ್ಕರು. "ಅವತ್ತ ನನಗ ಭೂಮಿ ಬಾಯಿ ಬಿಡಬಾರದ ಅನಿಸಿತ್ರಿ" ಎಂದು ಶೇವಂತಿ ಈಗಲೂ ಕೆನ್ನೆ ಬಡಿದುಕೊಳ್ಳುತ್ತಾರೆ. "ಹಾಲು ಮಾತ್ರ ಉಳೀತು."

ಆ ನಗುವಿನ ಮರುದಿನವೇ ಗಿರಿಮಲ್ಲಪ್ಪ ಅವರ ಮನೆಗೆ ಬಂದರು. ಶೇವಂತಿ ತಪ್ಪಾಯಿತೆಂದು ಹೇಳುವ ಮೊದಲೇ ಅವರು ಕಟ್ಟೆಯ ಮೇಲೆ ಕೂತು, ಸದ್ದಿಲ್ಲದೆ, ಶೆಡ್ಡಿನ ಮಾತಿನಲ್ಲಿ ಹೇಳಿದರು: ತಂಗಿ, ನನಗ ಕಿವಿ ಕೇಳಸವಲ್ದು. ಆರು ತಿಂಗಳಾತು. ಎದುರಿಗಿದ್ದವರ ಬಾಯಿ ನೋಡಿ ಮಾತಾಡತೇನಿ. ಅವರು ಬೆನ್ನು ತಿರುವಿದರ ನನಗ ನೀನ ದಿಕ್ಕು. ಯಾರ ಮುಂದೂ ಹೇಳಬ್ಯಾಡ, ಸ್ಟೇಜ್ ಬಿಡಸ್ತಾರ.

ಮಗ್ಗದ ಊರಿನಲ್ಲಿ ಇದು ಹೊಸ ರೋಗವಲ್ಲ. ಮೂವತ್ತು ವರ್ಷ ಆ ಬಡಿತದ ನಡುವೆ ನಿಂತವರ ಕಿವಿಯಲ್ಲಿ ಏನು ಉಳಿದೀತು? ಆದರೆ ನಟನಿಗೆ ಕಿವಿಯಿಲ್ಲ ಎಂದರೆ ಯಾವ ಮಾಲೀಕ ಒಪ್ಪುತ್ತಾನೆ? ಶೇವಂತಿ ಅಂದಿನಿಂದ ನಟನಿಗೆ ಮಾತೂ ಆದರು, ಕಿವಿಯೂ ಆದರು. ಹಿಂದಿನಿಂದ ಯಾರಾದರೂ ಬಂದರೆ ಕಣ್ಣಿನಲ್ಲಿ ಸೂಚನೆ, ಬಾಗಿಲು ಬಡಿದರೆ ಮೊಣಕಾಲ ಮೇಲೆ ಎರಡು ಗುದ್ದು, ಜನ ನಗುತ್ತಿದ್ದರೆ 'ತಡಿ' ಎಂದು ಅಂಗೈ. ಊರ ಬಾಯಿಗೆ ಬೀಗ ಹಾಕಲಾಗದು ಎಂಬ ಭಯಕ್ಕೆ ಗಂಡನ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

"ನನಗ ಇದ್ದ ಹೆದರಿಕಿ ಒಂದ ಒಂದು" ಎನ್ನುತ್ತಾರೆ ಅವರು. "ಕತ್ತಲ. ಮಾತು ಕತ್ತಲದಾಗೂ ಕೇಳತೈತಿ. ತುಟಿ ಕಾಣೂದಿಲ್ಲಲ್ರಿ."

ಹೆದರಿದ್ದು ಈ ಭಾನುವಾರದ ಬೆಳಗಿಗೇ ಕಾದಿತ್ತು.

ಕರೆಂಟು ಹೋದದ್ದೇ ತಡ, ಊರಿನ ಮಗ್ಗಗಳೆಲ್ಲ ಒಮ್ಮೆಲೇ ನಿಲ್ಲುತ್ತವೆ. ಮೈಕು ಸತ್ತಿದೆ, ಪೆಟ್ಟಿಗೆಯ ಮೇಲಿನ ಬಲ್ಬು ಆರಿದೆ. ಜನರೇಟರ್ ಎಳೆಯಲು ಯಲ್ಲಾಲಿಂಗ ಓಡುತ್ತಾನೆ, ಅದಕ್ಕೆ ಐದು ನಿಮಿಷವಾದರೂ ಬೇಕು. ಗೌಡನ ಮಗಳ ಪಾತ್ರದ ಮುಧೋಳದ ಕಾಂಚನಾ ಅನುಭವಸ್ಥೆ, ಕತ್ತಲೆಯಲ್ಲೇ ತನ್ನ ಮಾತು ಮುಗಿಸುತ್ತಾರೆ: "ಅಪ್ಪಾ, ಹೊತ್ತಾತು, ನಾ ಹೊಂಡತೇನಿ." ಇದಕ್ಕೆ ಗೌಡ ಹೇಳಬೇಕಾದ್ದು ಹನ್ನೊಂದು ಸಾಲು. ಇಡೀ ನಾಟಕ ಅದರ ಮೇಲೆಯೇ ನಿಂತಿದೆ. ಗಿರಿಮಲ್ಲಪ್ಪನವರಿಗೆ ಕಾಂಚನಾ ಮಾತಾಡಿದ್ದು ಕೇಳಿಲ್ಲ, ಅವರ ಬಾಯಿಯೂ ಕಂಡಿಲ್ಲ. ನಾಲ್ಕುನೂರು ಜನರ ಎದುರು ಅವರು ಒಬ್ಬಂಟಿ. ಎರಡನೇ ಸಾಲಿನಲ್ಲಿ ರಾಹುಲ ಕುರ್ಚಿಯ ತುದಿಗೆ ಸರಿಯುತ್ತಾನೆ. ಪರದೆಯ ಹಗ್ಗದ ಹತ್ತಿರ ನಿಂತ ಮಲ್ಲಿನಾಥರು ಲೊಚಗುಟ್ಟುತ್ತಾರೆ.

ಶೇವಂತಿ ಸೊಂಟದಲ್ಲಿದ್ದ ಸಣ್ಣ ಮೊಬೈಲು ತೆಗೆದು ಅದರ ಟಾರ್ಚು ಹಚ್ಚಿ ಗದ್ದದ ಕೆಳಗೆ ಹಿಡಿಯುತ್ತಾರೆ. ಗಿರಿಮಲ್ಲಪ್ಪ ಥಟ್ಟನೆ ತಿರುಗುತ್ತಾರೆ. ಆದರೆ ಕೆಳಗಿನಿಂದ ಬಿದ್ದ ಬೆಳಕಿಗೆ ಗದ್ದದ ನೆರಳೇ ತುಟಿಯ ಮೇಲೆ ಬಿದ್ದಿದೆ, ಅವರು ಕಣ್ಣು ಕಿರಿದು ಮಾಡಿ ತಲೆ ಅಲ್ಲಾಡಿಸುತ್ತಾರೆ. ಶೇವಂತಿ ಮೊಬೈಲು ಅತ್ತಿತ್ತ ಸರಿಸಿ ನೋಡುತ್ತಾರೆ, ನೆರಳು ಬಿಡುವುದಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ, ಕೂಗಿಯೇಬಿಡಲೇ ಎಂದು ಬಾಯಿ ತೆರೆಯುತ್ತಾರೆ. ಕೂಗಿ ಏನು ಪ್ರಯೋಜನ, ಅವರಿಗೆ ಕೇಳಬೇಕಲ್ಲ?

ಆಗ ಎಡಗಡೆಯ ಮೊದಲ ಸಾಲಿನಿಂದ ಒಂದು ಬೆಳಕು ಎದ್ದು ನೇರ ಶೇವಂತಿಯ ಮುಖಕ್ಕೆ ಬೀಳುತ್ತದೆ. ಶೇವಂತಿಯ ಓಣಿಯವರೇ ಆದ ಶಿವವ್ವ, ಐವತ್ತೆಂಟು ವಯಸ್ಸು, ಅವರೂ ಮಗ್ಗದವರೇ, ಮೊಮ್ಮಗಳ ಮೊಬೈಲು ಎತ್ತಿ ಹಿಡಿದಿದ್ದಾರೆ. ಅವರ ಪಕ್ಕದಿಂದ ಇನ್ನೊಂದು, ಹಿಂದಿನ ಸಾಲಿನಿಂದ ಮತ್ತೆರಡು. ನೋಡನೋಡುತ್ತ ಎಡಗಡೆಯ ಎಂಬತ್ತು ಕುರ್ಚಿಗಳ ಬೆಳಕೂ ರಂಗದ ಮೇಲಿನ ಗೌಡನನ್ನು ಬಿಟ್ಟು ಪೆಟ್ಟಿಗೆಯ ಮೇಲಿನ ಹೆಣ್ಣುಮಗಳ ಬಾಯಿಗೆ ಬಂದು ನಿಲ್ಲುತ್ತದೆ.

ಶೇವಂತಿಗೆ ಏನಾಗುತ್ತಿದೆ ಎಂದು ಹೊಳೆಯುವುದಿಲ್ಲ. ಕಣ್ಣು ಕೋರೈಸಿ ನೀರು ಬರುತ್ತದೆ. ತುಟಿ ಮಾತ್ರ ತನ್ನ ಕೆಲಸ ಮಾಡುತ್ತದೆ. ಗೌಡ ಬಾಯಿ ತೆರೆಯುತ್ತಾನೆ.

"ನನ್ನ ಗಡಿಯಾರ ನಿಂತಿದ್ದು ಇವತ್ತಲ್ಲ, ಮಗಳ. ನಿನ್ನ ಹೊಸ್ತಿಲದ ಹೊರಗ ಹಾಕಿದೆನಲ್ಲ, ಅವತ್ತ ನಿಂತಿತ್ತು..."

ಮೈಕಿಲ್ಲದಿದ್ದರೇನಂತೆ, ಹಿಂದಿನ ಗೋಡೆಯವರೆಗೂ ದನಿ ಮುಟ್ಟುತ್ತದೆ. ಏಳನೇ ಸಾಲು ಹಾರಿಹೋಗುತ್ತದೆ. ಶೇವಂತಿ ಎರಡು ಬೆರಳು ಸೇರಿಸಿ ಗಂಟು ತೋರಿಸುತ್ತಾರೆ, ಗೌಡ ಒಂದು ನಿಟ್ಟುಸಿರು ಬಿಟ್ಟು ಹಿಂದಕ್ಕೆ ಹೋಗಿ ಜೋಡಿಸಿಕೊಂಡು ಬರುತ್ತಾನೆ. ಹನ್ನೊಂದೂ ಸಾಲು ಮುಗಿದು ಕಾಂಚನಾ ಅಪ್ಪನ ಕಾಲಿಗೆ ಬೀಳುವಾಗ ಜನ ಎದ್ದು ನೆಲ ಕುಟ್ಟುತ್ತಾರೆ. ಗಿರಿಮಲ್ಲಪ್ಪನವರಿಗೆ ಚಪ್ಪಾಳೆ ಕೇಳುವುದಿಲ್ಲ, ಪಾದದಡಿಯ ಹಲಗೆ ಅದುರಿದ್ದು ಗೊತ್ತಾಗುತ್ತದೆ. ಅವರು ಕೈಮುಗಿಯುವುದು ಪೆಟ್ಟಿಗೆಯ ಕಡೆಗೆ ತಿರುಗಿ. ಆಮೇಲೆ ಜನರೇಟರ್ ಗುರುಗುಟ್ಟಿ ಲೈಟು ಬರುತ್ತದೆ. ಅದಕ್ಕೂ ಸಿಳ್ಳೆ ಬೀಳುತ್ತದೆ.

ಪರದೆ ಇಳಿದ ಮೇಲೆ ಶಿವವ್ವ ಸೀದಾ ಒಳಗೆ ನುಗ್ಗುತ್ತಾರೆ. ಶೇವಂತಿ ಅವರ ಕೈ ಹಿಡಿದು, "ನಿಮಗ ಹೆಂಗ ಗೊತ್ತಾತಬೇ ಯಕ್ಕಾ?" ಎಂದು ಕೇಳುತ್ತಾರೆ.

"ಹುಚ್ಚಿ, ನಾವೂ ಮಗ್ಗದವರ ಅಲ್ಲೇನು? ಎಡಗಡಿ ಕುಂತರ ನಿನ್ನ ಮಾರಿ ಹಗಲು ಕಂಡಂಗ ಕಾಣತೈತಿ. ನಾಕು ವರ್ಷ ಆತು ಎರಡು ನಾಟಕ ನೋಡಾಕತ್ತೇವಿ, ಒಂದು ಸ್ಟೇಜಿಂದು, ಒಂದು ನಿಂದು. ಹಾಲು ಉಕ್ಕಿದ ದಿನ ರಾಜಾ ಬಾಯಿ ತೆಗ್ಯೂಕಿಂತ ಮೊದಲ ನಾವು ನಕ್ಕಿದ್ದಿವಿ, ನಿನ್ನ ಲಕ್ಷ್ಯ ಎಲ್ಲಿತ್ತು?"

"ಹಂಗಾರ ಗಿರಿಮಲ್ಲಣ್ಣಂದು..."

"ಕಿವಿ? ಅದೂ ಗೊತ್ತೈತಿ. ನೀ ಮೊಣಕಾಲ ಮ್ಯಾಲೆ ಗುದ್ದಿದಾಗ ಅಂವ ಬಾಗಲದ ಕಡೆ ಹೊಳ್ಳಿ ನೋಡೂದು ಕಾಣೂದಿಲ್ಲೇನು?" ಶಿವವ್ವ ಸೊಂಟದ ಮೇಲೆ ಕೈಯಿಟ್ಟುಕೊಂಡರು. "ಹೇಳೂದರಾಗ ಏನೈತಿ ಅಂತ ಸುಮ್ಮನಿದ್ದಿವಿ. ನಮ್ಮ ಮನ್ಯಾಗ ಯಾರ ಕಿವಿ ಕೇಳತಾವಬೇ? ನಮ್ಮಂವ ಒಬ್ಬ ಸ್ಟೇಜಿನ ಮ್ಯಾಲೆ ಗೌಡ ಆಗಿ ನಿಂದರತಾನಲ್ಲ, ನಿಂದರ್ಲಿ."

ಎಂಬತ್ತು ಕುರ್ಚಿ, ಮೂರು ವರ್ಷ, ಒಂದು ಗುಟ್ಟು. ಒಬ್ಬರೂ ಪಿಟ್ಟೆಂದಿಲ್ಲ. ಶೇವಂತಿ ಪೆಟ್ಟಿಗೆಯ ಮೇಲೆ ಕುಸಿದು ಕೂತು ಸೆರಗು ಬಾಯಿಗೆ ಹಿಡಿದರು. ಅತ್ತರೋ ನಕ್ಕರೋ ಹೇಳುವುದು ಕಷ್ಟ.

ಮಲ್ಲಿನಾಥ ಇದನ್ನೆಲ್ಲ ಪಕ್ಕದಲ್ಲೇ ನಿಂತು ಕೇಳಿಸಿಕೊಂಡರು. ವ್ಯಾಪಾರಸ್ಥ ಮನುಷ್ಯ, ಮೊದಲು ಹೊಳೆದದ್ದು ಸೀಟಿನ ವಿಚಾರ. "ಹಂಗಾರ ಅದು ಫ್ಯಾನಿನ ಗಾಳಿ ಅಲ್ಲ!" ಎಂದು ಹಣೆ ಚಚ್ಚಿಕೊಂಡರು. ಆಮೇಲೆ ಗಿರಿಮಲ್ಲಪ್ಪನವರ ಎದುರು ಬಂದು, ಮುಖಕ್ಕೆ ಮುಖ ಕೊಟ್ಟು, ತುಟಿ ಚೆನ್ನಾಗಿ ಕಾಣುವಂತೆ ನಿಧಾನವಾಗಿ ಹೇಳಿದರು: "ಮುಂದಿನ ತಿಂಗಳೂ ಗೌಡ ನೀವ." ರಾಹುಲನಿಗೂ ಮುನಿಸಿಲ್ಲ. ಅವನು ಹೋಗುವಾಗ ಶೇವಂತಿಯ ಕಾಲು ಮುಟ್ಟಿ, "ಅಕ್ಕಾರ, ನನಗೂ ಆ ತುಟಿ ಮಾತು ಕಲಸ್ರಿ" ಎಂದ. "ಶೆಡ್ಡಿಗೆ ಬಾ, ಎಂಟು ದಿನ ಅಳಬೇಕಾಗತೈತಿ ನೋಡು" ಎಂದರು ಶೇವಂತಿ. ಗಿರಿಮಲ್ಲಪ್ಪನವರ ಕಿವಿಯ ಸುದ್ದಿ ಪೇಪರಿನಲ್ಲಿ ಬರೆಯಬಹುದೇ ಎಂದರೆ ಅವರೇ ಮೀಸೆ ಕೀಳುತ್ತ ಹೇಳಿದ್ದು: "ಬರೀರಿ. ಇನ್ನ ಯಾರಿಗಿ ಮುಚ್ಚಿಡೂದು?"

ಸೋಮವಾರ ಎಂಟಕ್ಕೆ ಶೇವಂತಿ ಮತ್ತೆ ನಾಲ್ಕು ಮಗ್ಗದ ನಡುವೆ ಇದ್ದಾರೆ. ಪೆಟ್ಟಿಗೆಯ ಮೇಲೆ ಈಗ ಕರೆಂಟು ಹೋದರೂ ಉರಿಯುವ ಲೈಟು ಬಂದಿದೆ. ಪೋಸ್ಟರಿನಲ್ಲಿ ಹೆಸರು ಹಾಕಿಸುತ್ತೇನೆ ಎಂದು ಮಲ್ಲಿನಾಥ ಹೇಳಿದರೆ, "ಅದೇನ ಬ್ಯಾಡ್ರಿ, ನನ್ನ ಮಾರಿ ನೋಡಿದವರು ನೋಡ್ಯಾರ" ಎಂದುಬಿಟ್ಟರಂತೆ. ಬೇರೆ ಆಸೆ ಏನೂ ಇಲ್ಲವೇ ಎಂದರೆ ಸ್ವಲ್ಪ ನಾಚಿಕೊಂಡು ಹೇಳುತ್ತಾರೆ: ನಾಲ್ಕು ವರ್ಷದಿಂದ ನಟರನ್ನು ನೋಡಿದ್ದು ಬರೀ ಪಕ್ಕದಿಂದ, ಅರ್ಧ ಮುಖ. ಒಂದು ಶನಿವಾರ ಎದುರಿಗೆ ಕೂತು ಪೂರ್ತಿ ನಾಟಕ ನೋಡಬೇಕು. ಪೆಟ್ಟಿಗೆಯ ಮೇಲೆ ಯಾರು ಎಂಬ ಚಿಂತೆಯೂ ಇಲ್ಲ, ಶಿವವ್ವನಿಗೆ ನಾಟಕ ಪೂರ್ತಿ ಬರುತ್ತದೆ, ಅಲ್ಲಿ ತಾನೇ ಕೂಡುತ್ತೇನೆ ಎಂದಿದ್ದಾರೆ. ಹಾಗಾದರೆ ಎಡಗಡೆ ಮೊದಲ ಸಾಲಿನಲ್ಲಿ ಒಂದು ಕುರ್ಚಿ ಹಿಡಿಯಲು ಹೇಳೋಣವೇ?

"ಯವ್ವಾ, ಎಡಗಡಿ ಮಾತ್ರ ಬ್ಯಾಡ್ರಿ" ಎಂದು ಶೇವಂತಿ ಎರಡೂ ಕೈ ಅಲ್ಲಾಡಿಸುತ್ತಾರೆ. "ಬಲಗಡೀನ ಕೊಡಸ್ರಿ. ಎಡಗಡಿ ಕುಂತರ ಶಿವವ್ವ ತಪ್ಪಿದ್ದು ನನ್ನ ಕಣ್ಣಿಗೆ ಬೀಳತೈತಿ. ಆಮ್ಯಾಲೆ ನಾ ನಾಟಕ ನೋಡಿಕೋತ ಸುಮ್ಮ ಕುಂದರಾಕಿ ಅಲ್ಲ."